ಪಾಠದ ಟಿಪ್ಪಣಿಗೆ ಬೀಗವೇಕೆ?

2025ರ ನವೆಂಬರ್ ತಿಂಗಳಿನಲ್ಲಿ ಬಂಧುಗಳೊಬ್ಬರ ಮನೆಯ ಕಾರ್ಯಕ್ಕೆಂದು ಕೊಟ್ಟೂರಿಗೆ ಹೋಗಿದ್ದೆ. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ಬ್ಯಾಂಕಿಗೆ ರುಜುವಾತುಪಡಿಸಬೇಕಾದ ತಿಂಗಳು ಅದು. ಆಧಾರ್ ಪ್ರತಿ ತೆಗೆಸಲೆಂದು ಬಸ್ ನಿಲ್ದಾಣದ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಸರದಿ ಕಾಯುತ್ತಿದ್ದಾಗ ನನ್ನ ಮುಂದೆ ಬಿ.ಎ. ಓದುವ ಹುಡುಗಿಯೊಬ್ಬಳು ನಿಂತಿದ್ದಳು. 'ಎಕನಾಮಿಕ್ಸ್ ನೋಟ್ಸ್ ಕೊಡ್ರಿ ಅಣ್ಣಾ' ಎಂದಳು. ಅಂಗಡಿಯಾತ ತಲೆಯೆತ್ತದೆಯೇ ಕೇಳಿದ: 'ಎನ್‌ಇಪಿದಾ, ಎಸ್‌ಇಪಿದಾ?'

ರಾಷ್ಟ್ರದ ಮತ್ತು ರಾಜ್ಯದ ಶಿಕ್ಷಣ ನೀತಿಗಳು ಆ ಪುಟ್ಟ ಅಂಗಡಿಯಲ್ಲಿ ಎರಡು ಕಾಗದದ ಕಟ್ಟುಗಳಾಗಿ ಕುಳಿತಿದ್ದವು. ಆಕೆಯ ಕೈಸೇರಿದ ಕಟ್ಟಿಗೆ 180 ರೂಪಾಯಿ. ಕುತೂಹಲ ತಡೆಯಲಾರದೆ, ಒಮ್ಮೆ ನೋಡಿ ಕೊಡುತ್ತೇನೆಂದು ಕೇಳಿ ಪಡೆದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನ ಹಳೆಯ ಚಪಲ. ಯಾವನೋ ಉಪನ್ಯಾಸಕ ಹೇಳಿ ಬರೆಸಿದ್ದನ್ನು ಯಾರೋ ವಿದ್ಯಾರ್ಥಿ ಬರೆದುಕೊಂಡು, ಅದರ ಪ್ರತಿಯ ಪ್ರತಿಯ ಪ್ರತಿಯಾಗಿ ಅಕ್ಷರಗಳು ಮಸುಕಾಗಿದ್ದವು. ಮೊದಲ ಪುಟಗಳಲ್ಲಿ 'ತಟಸ್ಥ ವಕ್ರರೇಖೆ' ಎಂದಿದ್ದುದು ಮುಂದೆ 'ಔದಾಸೀನ್ಯ ವಕ್ರರೇಖೆ' ಆಗಿತ್ತು. ರೇಖೆಯ ಚಿತ್ರವಿರಬೇಕಾದ ಕಡೆ ಕಪ್ಪು ಮಸಿಯ ಕಲೆ ಮಾತ್ರವಿತ್ತು. 'ಇವೆರಡೂ ಒಂದೇ, ಗೊತ್ತೇನಮ್ಮಾ?' ಎಂದೆ. 'ಹೌದೇನ್ರಿ ಸಾರ್? ನಾನು ಬ್ಯಾರೆ ಬ್ಯಾರೆ ಅಂದ್ಕೊಂಡು ಎರಡ್ನೂ ಬಾಯಿಪಾಠ ಮಾಡಿದ್ದೆ' ಎಂದಳು ಆಕೆ.

ಈ ಮಾತು ಕೇಳಿ ನನಗೆ ನಗು ಬರಲಿಲ್ಲ. ಒಂದು ಪರಿಕಲ್ಪನೆಯನ್ನು ಎರಡೆಂದು ತಿಳಿದು ಉರುಹೊಡೆದ ಆ ಮಗುವಿನ ಶ್ರಮದ ವ್ಯರ್ಥ ವೆಚ್ಚವನ್ನು ಯಾವ ಲೆಕ್ಕಪರಿಶೋಧಕರೂ ಲೆಕ್ಕ ಹಾಕುವುದಿಲ್ಲ.

ಶಾಲಾ ಹಂತದಲ್ಲಿ ನಮ್ಮ ರಾಜ್ಯದ ವ್ಯವಸ್ಥೆ ಈ ವಿಷಯದಲ್ಲಿ ಅಷ್ಟು ಕೆಟ್ಟದ್ದಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ದೊರೆಯುತ್ತವೆ. ಬೇಕಾದವರು ಅವನ್ನು ಅಂತರಜಾಲದಿಂದಲೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಅದೇ ಮಗು ಪದವಿ ಕಾಲೇಜಿನ ಮೆಟ್ಟಿಲು ಹತ್ತಿದೊಡನೆ ಈ ಸೌಲಭ್ಯ ಹಠಾತ್ತನೆ ನಿಂತುಹೋಗುತ್ತದೆ. ವಿಶ್ವವಿದ್ಯಾಲಯ ಪಠ್ಯಕ್ರಮವನ್ನು ಪ್ರಕಟಿಸುತ್ತದೆ. ಅದರ ಕೊನೆಯಲ್ಲಿ ಪರಾಮರ್ಶನ ಗ್ರಂಥಗಳ ಪಟ್ಟಿಯೊಂದಿರುತ್ತದೆ. ಪಟ್ಟಿಯ ಬಹುಪಾಲು ಪುಸ್ತಕಗಳು ಇಂಗ್ಲಿಷಿನವು, ಅವುಗಳಲ್ಲಿ ಎಷ್ಟೋ ತಾಲ್ಲೂಕು ಕೇಂದ್ರದ ಗ್ರಂಥಾಲಯವನ್ನು ಕಂಡೇ ಇರುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಬಿ.ಎ., ಬಿ.ಕಾಂ. ಓದುವವರಿಗೆ ಉಳಿಯುವ ದಾರಿಗಳು ಎರಡೇ: ಗೈಡು ಅಥವಾ ಜೆರಾಕ್ಸ್.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಈ ಐದು ತಾಲ್ಲೂಕುಗಳನ್ನು ನಾನು ಸೇವಾವಧಿಯಲ್ಲಿ ಹತ್ತಿರದಿಂದ ಬಲ್ಲವನು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನ ಭಾಗವಾಗಿತ್ತು. 2021ರಿಂದ ಇವೆಲ್ಲ ಹೊಸಪೇಟೆಯೊಡನೆ ಸೇರಿ ವಿಜಯನಗರ ಜಿಲ್ಲೆಯಾಗಿವೆ. ಆಡಳಿತದ ಗಡಿಗಳು ಈ ನೆಲದ ಮೇಲೆ ಎಷ್ಟು ಬಾರಿ ಓಡಾಡಿವೆ ಎಂಬುದಕ್ಕೆ ಹರಪನಹಳ್ಳಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ಊರು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಬಳಿಕ ಸಂವಿಧಾನದ 371 (ಜೆ) ವಿಧಿಯ ಸೌಲಭ್ಯದ ಬೇಡಿಕೆಯೊಂದಿಗೆ ಬಳ್ಳಾರಿಗೆ ಮರಳಿ, ಅಲ್ಲಿಂದ ವಿಜಯನಗರಕ್ಕೆ ಬಂದಿದೆ. ಜಿಲ್ಲೆ ಬದಲಾದರೆ ಕಚೇರಿಯ ಫಲಕ ಬದಲಾಗುತ್ತದೆ. ಆದರೆ ಬೇಡಿಕೆ-ಪೂರೈಕೆಯ ಸೂತ್ರ ಬದಲಾಗುವುದಿಲ್ಲ, ಚಾಲುಕ್ಯರ ಕಾಲಾನುಕ್ರಮವೂ ಬದಲಾಗುವುದಿಲ್ಲ.

ಬದಲಾಗುವುದು ಪಠ್ಯಕ್ರಮ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಪದವಿ ಹಂತಕ್ಕೆ ಅಳವಡಿಸಿತು. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು, ಮೂರು ವರ್ಷದ ಪದವಿಗೆ ಮರಳಿತು. ಈ ನೀತಿಗಳ ಗುಣದೋಷಗಳ ಚರ್ಚೆ ಇಲ್ಲಿ ಅಪ್ರಸ್ತುತ. ಮೂರೇ ವರ್ಷಗಳ ಅಂತರದಲ್ಲಿ ಎರಡು ಬಾರಿ ಪಠ್ಯಕ್ರಮ ಬದಲಾದಾಗ ಅದರ ವೆಚ್ಚ ಯಾರ ಹೆಗಲಿಗೆ ಬಿತ್ತು ಎಂಬುದಷ್ಟೇ ಪ್ರಶ್ನೆ. ಗೈಡು ಪ್ರಕಾಶಕರಿಗೆ ಅದು ಹೊಸ ಆವೃತ್ತಿ. ಅಕ್ಕನ ಪುಸ್ತಕ ತಂಗಿಗೆ ಆಗುವ ಮನೆಗೆ ಮಾತ್ರ ಅದು ನಷ್ಟ. ಇದರ ಜೊತೆಗೆ, ತಾಲ್ಲೂಕು ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಈ ವರ್ಷ ಹಡಗಲಿಯಲ್ಲಿದ್ದವರು ಮುಂದಿನ ವರ್ಷ ಅಲ್ಲೇ ಇರುತ್ತಾರೆಂಬ ಖಾತರಿಯಿಲ್ಲ. ಅವರು ಹೋದಾಗ ಅವರ ಟಿಪ್ಪಣಿಯೂ ಹೋಗುತ್ತದೆ. ಹೊಸಬರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಐದು ತಾಲ್ಲೂಕುಗಳಲ್ಲಿ ಐವರು ಒಂದೇ ಅಧ್ಯಾಯಕ್ಕೆ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಂತೆ, ಐದು ಟಿಪ್ಪಣಿ ಸಿದ್ಧಪಡಿಸುತ್ತಾರೆ.

ಅರ್ಥಶಾಸ್ತ್ರದಲ್ಲಿ ಒಂದು ಸರಳ ಭೇದವಿದೆ. ನನ್ನ ತಟ್ಟೆಯ ರೊಟ್ಟಿಯನ್ನು ನಿಮಗೆ ಕೊಟ್ಟರೆ ನನಗೆ ಅದು ಇಲ್ಲವಾಗುತ್ತದೆ. ನನಗೆ ತಿಳಿದ ಲೆಕ್ಕವನ್ನು ನಿಮಗೆ ಹೇಳಿಕೊಟ್ಟರೆ ನನ್ನಲ್ಲಿ ಅದು ಕಡಿಮೆಯಾಗುವುದಿಲ್ಲ. ಪಾಠದ ಮೊದಲ ಪ್ರತಿಗೆ ಶ್ರಮವಿದೆ, ವೆಚ್ಚವಿದೆ. ಎರಡನೆಯ ಪ್ರತಿಯಿಂದ ಮುಂದೆ ಅದರ ಸೀಮಾಂತ ವೆಚ್ಚ, ಈ ಗಣಕಯುಗದಲ್ಲಿ, ಶೂನ್ಯಕ್ಕೆ ಸಮೀಪ. ಹೀಗಿರುವಾಗ, ಮೊದಲ ಪ್ರತಿಯ ವೆಚ್ಚವನ್ನು ಉಪನ್ಯಾಸಕರ ವೇತನದ ರೂಪದಲ್ಲಿ ಸಾರ್ವಜನಿಕರೇ ತೆತ್ತಿದ್ದರೆ, ಎರಡನೆಯ ಪ್ರತಿಗೆ ಮತ್ತೆ ಬೆಲೆ ಕಟ್ಟುವುದು ಯಾವ ನ್ಯಾಯ?

ಇದೇ ತರ್ಕದ ಮೇಲೆ ಜಗತ್ತಿನಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಪರಿಕಲ್ಪನೆ ಬೆಳೆದಿದೆ. ಅಮೆರಿಕದ ಎಂಐಟಿ ತನ್ನ ಪಾಠಸಾಮಗ್ರಿಯನ್ನು ಯಾರು ಬೇಕಾದರೂ ಬಳಸಬಹುದೆಂದು 2001ರಲ್ಲಿ ಘೋಷಿಸಿತು. ಮರುವರ್ಷ ಯುನೆಸ್ಕೊ ವೇದಿಕೆಯಲ್ಲಿ ಈ ಹೆಸರು ಚಲಾವಣೆಗೆ ಬಂತು. 2019ರ ನವೆಂಬರಿನಲ್ಲಿ ಯುನೆಸ್ಕೊ ಮಹಾಧಿವೇಶನ ಈ ಕುರಿತ ಶಿಫಾರಸನ್ನೇ ಅಂಗೀಕರಿಸಿತು. ಇದರ ತಿರುಳು ಇಷ್ಟೇ: ಉಚಿತವಾಗಿ ಓದಲು ಬಿಟ್ಟರೆ ಸಾಲದು. ಕೃತಿಸ್ವಾಮ್ಯ ಹೊಂದಿದವರು, ಇದನ್ನು ಉಳಿಸಿಕೊಳ್ಳಿ, ನಕಲು ಮಾಡಿ, ತಿದ್ದಿ, ಇತರರಿಗೆ ಹಂಚಿ, ನಮ್ಮ ಹೆಸರು ಹೇಳಿದರೆ ಸಾಕು ಎಂದು ಬರಹದಲ್ಲೇ ಅನುಮತಿ ಕೊಡಬೇಕು. ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳು ಮಾಡುವುದು ಇದನ್ನೇ. ನಮ್ಮ ದೇಶದಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್, 2017ರಲ್ಲಿ ಬಂದ 'ಸ್ವಯಂ' ಜಾಲತಾಣ ಇವೆಲ್ಲ ದೊಡ್ಡ ಪ್ರಯತ್ನಗಳು. ಆದರೆ ಕೂಡ್ಲಿಗಿಯ ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿಗೆ ಅಲ್ಲಿ ತನ್ನ ಪಾಠ ತನ್ನ ಭಾಷೆಯಲ್ಲಿ ಸಿಗುವುದು ಕಷ್ಟ.

ಹಾಗೆಂದು ಕನ್ನಡಕ್ಕೆ ಇದು ಹೊರಗಿನಿಂದ ಬಂದ ವಿಚಾರವೆಂದು ತಿಳಿಯಬೇಕಿಲ್ಲ. 1930ರ ದಶಕದಲ್ಲೇ ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಕೊಡುತ್ತಿದ್ದರು. ಆ ಉಪನ್ಯಾಸಗಳು ಕೈಗೆಟಕುವ ಬೆಲೆಯ ಕಿರುಪುಸ್ತಕಗಳಾಗಿ ಹೊರಬರುತ್ತಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪನ್ಯಾಸ ಗ್ರಂಥಮಾಲೆಯದೂ ಅದೇ ದಾರಿ. 1980ರ ದಶಕದ ಆರಂಭದಲ್ಲಿ ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅಂಥ ಕಿರುಪುಸ್ತಕಗಳನ್ನು ಹಳೆಯ ಪುಸ್ತಕದ ಅಂಗಡಿಗಳಲ್ಲಿ ಕೊಂಡು ಓದಿದ್ದೇನೆ. ವಿಶ್ವವಿದ್ಯಾಲಯವೆಂದರೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಕಚೇರಿಯಷ್ಟೇ ಅಲ್ಲ, ತನ್ನ ಜ್ಞಾನವನ್ನು ಆವರಣದ ಹೊರಗೆ ಹಂಚಬೇಕಾದ ಸಂಸ್ಥೆ ಎಂಬ ತಿಳಿವಳಿಕೆ ಆ ತಲೆಮಾರಿಗೆ ಇತ್ತು.

ಇತ್ತೀಚಿನ ನಿದರ್ಶನವೂ ಮೈಸೂರಿನದೇ. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶದ ಪೈಕಿ 6 ಸಂಪುಟಗಳನ್ನು ಆ ವಿಶ್ವವಿದ್ಯಾಲಯ 2014ರ ಜುಲೈನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ವಿದ್ವಾಂಸರ ದಶಕಗಳ ದುಡಿಮೆಯ ಆ ಲೇಖನಗಳು ಅಂದಿನಿಂದ ಕನ್ನಡ ವಿಕಿಪೀಡಿಯಕ್ಕೂ ಒದಗಿ ಬಂದವು. ಪ್ರೌಢಶಾಲಾ ಮಟ್ಟದಲ್ಲಿ ರಾಜ್ಯದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಆರಂಭಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಯೋಜನೆಯಲ್ಲಿ ಗಣಿತ, ವಿಜ್ಞಾನ, ಸಮಾಜವಿಜ್ಞಾನದ ಶಿಕ್ಷಕರೇ ಪಾಠಸಾಮಗ್ರಿ ರಚಿಸಿ, ಕನ್ನಡದಲ್ಲೂ ಹಂಚಿಕೊಂಡರು. ನಮ್ಮ ಮೇಷ್ಟ್ರುಗಳಿಗೆ ಸಾಮರ್ಥ್ಯವಿಲ್ಲ ಎಂದು ಗೊಣಗುವವರು ಗಮನಿಸಬೇಕಾದ ಸಂಗತಿ ಇದು. ಪದವಿ ಹಂತದಲ್ಲಿ ಕಾಲೇಜು ಶಿಕ್ಷಣ ಇಲಾಖೆ 2021ರಲ್ಲಿ ಕಲಿಕಾ ನಿರ್ವಹಣಾ ವ್ಯವಸ್ಥೆಯೊಂದನ್ನು ಜಾರಿಗೊಳಿಸಿತು. ಒಳ್ಳೆಯ ಹೆಜ್ಜೆ. ಆದರೆ ಅದು ಸರ್ಕಾರಿ ಕಾಲೇಜುಗಳಿಗಾಗಿ ರೂಪುಗೊಂಡದ್ದು. ಅನುದಾನಿತ ಹಾಗೂ ಖಾಸಗಿ ಕಾಲೇಜುಗಳ ಮಕ್ಕಳೂ ಅದೇ ವಿಶ್ವವಿದ್ಯಾಲಯದ ಅದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಾರಲ್ಲವೇ?

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುವುದು ಅಗತ್ಯ. 1990ರ ದಶಕದಲ್ಲಿ ಈ ಭಾಗದ ಉಪವಿಭಾಗಾಧಿಕಾರಿಯಾಗಿದ್ದಾಗ ಒಂದು ತಾಲ್ಲೂಕು ಕೇಂದ್ರದ ಕಾಲೇಜು ವಿದ್ಯಾರ್ಥಿನಿಲಯಕ್ಕೆ ಪಠ್ಯಪುಸ್ತಕಗಳನ್ನು ಕೊಡಿಸಿದ್ದೆ. ಆರ್ಥಿಕ ವರ್ಷದ ಕೊನೆಯಲ್ಲಿ ಉಳಿದಿದ್ದ ಅನುದಾನ ಅದು. ಒಂದು ಕಬ್ಬಿಣದ ಬೀರು, ಸುಮಾರು ಮುನ್ನೂರು ಪುಸ್ತಕ. ಮರುವರ್ಷ ತಪಾಸಣೆಗೆ ಹೋದಾಗ ನಲವತ್ತೊಂದು ಪುಸ್ತಕಗಳು ಕಾಣೆಯಾಗಿದ್ದವು. ಪದವಿ ಮುಗಿಸಿ ಹೊರಟ ಹುಡುಗರು ಕೊಂಡೊಯ್ದಿದ್ದಾರೆ ಎಂದು ನಿಲಯದ ಮೇಲ್ವಿಚಾರಕರು ಹೇಳಿದರು. ನಿಯಮ ಬಲ್ಲ ಅಧಿಕಾರಿಯಾದ ನಾನು ದಾಸ್ತಾನು ವಹಿಯಲ್ಲಿ 'ಕೊರತೆಯ ಮೊಬಲಗನ್ನು ಸಂಬಂಧಿಸಿದವರಿಂದ ವಸೂಲು ಮಾಡತಕ್ಕದ್ದು' ಎಂದು ಷರಾ ಬರೆದೆ. ಆ ಬಡಪಾಯಿಯ ಸಂಬಳದಿಂದ ಕಂತುಗಳಲ್ಲಿ ಹಣ ಕಡಿತವಾಯಿತು.

ಮುಂದಿನ ವರ್ಷ ಮತ್ತೆ ಹೋದೆ. ಬೀರುವಿಗೆ ಬೀಗ ಬಿದ್ದಿತ್ತು. ಮೇಲ್ವಿಚಾರಕರು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯಿಂದ ಅದನ್ನು ತೆಗೆದು ತೋರಿಸಿದರು. ಲೆಕ್ಕ ಸರಿಯಾಗಿತ್ತು. ಒಂದು ಪುಸ್ತಕವೂ ಕಳೆದಿರಲಿಲ್ಲ. ಒಂದು ಪುಸ್ತಕವನ್ನೂ ಯಾರೂ ಓದಿರಲಿಲ್ಲ. 'ಈ ಸಲ ಒಂದೂ ಹೋಗಿಲ್ಲ ಸಾಹೇಬ್ರೆ' ಎಂದು ಅವರು ಸಮಾಧಾನದಿಂದ ಹೇಳಿದಾಗ, ನಾನು 'ದಾಸ್ತಾನು ತಾಳೆಯಾಗಿದೆ' ಎಂದು ಬರೆದು ಸಹಿ ಹಾಕಿ ಬಂದೆ. ನಲವತ್ತೊಂದು ಪುಸ್ತಕಗಳು ಕಳೆದ ವರ್ಷವೇ ಆ ಯೋಜನೆ ನಿಜವಾಗಿ ಫಲಿಸಿದ ವರ್ಷವೆಂದು ಅರಿವಾಗಲು ನನಗೆ ಬಹಳ ಕಾಲ ಹಿಡಿಯಿತು. ಆ ಬೀಗ ಹಾಕಿಸಿದವನು ನಾನೇ.

ಅಂದು ನನ್ನ ಪರವಾಗಿ ಹೇಳಬಹುದಾದ ಒಂದು ಮಾತಿತ್ತು. ಪುಸ್ತಕ ವಸ್ತು. ಒಬ್ಬನು ಒಯ್ದರೆ ಇನ್ನೊಬ್ಬನಿಗೆ ಇಲ್ಲ. ಇಂದು ಆ ನೆಪವೂ ಇಲ್ಲ. ಸಾವಿರ ವಿದ್ಯಾರ್ಥಿಗಳು ಒಯ್ದರೂ ದಾಸ್ತಾನು ವಹಿಯಲ್ಲಿ ಕೊರತೆ ಬೀಳದ ಪುಸ್ತಕವನ್ನು ಇಂದು ಸಿದ್ಧಪಡಿಸಬಹುದು. ಅದನ್ನು ಮಾಡಬೇಕಾದ್ದು ವಿಶ್ವವಿದ್ಯಾಲಯ.

ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ ಮುಂಚೆ ಈ ಭಾಗದ ಉನ್ನತ ಶಿಕ್ಷಣದ ಸೂತ್ರ ದೂರದ ಗುಲಬರ್ಗಾದಲ್ಲಿತ್ತು. ಆದರೂ ಹಡಗಲಿ, ಹರಪನಹಳ್ಳಿಗಳಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ಮೀರಿದ ದೂರ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಬರಲು ವಿದ್ಯಾರ್ಥಿಗೆ ಒಂದಿಡೀ ದಿನ ಬೇಕು. ಇತ್ತ ಹೊಸಪೇಟೆಯ ಬಳಿ, ಇದೇ ಜಿಲ್ಲೆಯಲ್ಲಿ, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಅದರ ಪ್ರಸಾರಾಂಗ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಪ್ರಕಟಿಸಿದೆ. ಒಂದರಲ್ಲಿ ಪದವಿ ಪಠ್ಯಕ್ರಮದ ಅಧಿಕಾರ, ಇನ್ನೊಂದರಲ್ಲಿ ಕನ್ನಡದ ವಿದ್ವತ್ತು ಮತ್ತು ಪ್ರಕಟಣೆಯ ಅನುಭವ. ಇವೆರಡೂ ಕೈಜೋಡಿಸಿದರೆ ಸಾಧಿಸಲಾಗದ್ದು ಏನಿದೆ?

ಕೆಲಸ ಸಣ್ಣದಾಗಿಯೇ ಆರಂಭವಾಗಲಿ. ಐದು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರು ಒಂದೊಂದು ಪತ್ರಿಕೆಯ ಅಧ್ಯಾಯಗಳನ್ನು ಹಂಚಿಕೊಂಡು ಬರೆಯಲಿ. ವಿಶ್ವವಿದ್ಯಾಲಯ ಇಬ್ಬರು ವಿಷಯತಜ್ಞರಿಂದ ಪರಿಶೀಲಿಸಿ, ಪಾರಿಭಾಷಿಕ ಪದಗಳನ್ನು ಏಕರೂಪಗೊಳಿಸಿ, ಮುಕ್ತ ಪರವಾನಗಿಯ ಸ್ಪಷ್ಟ ಒಕ್ಕಣೆಯೊಂದಿಗೆ ಪ್ರಕಟಿಸಲಿ. ಪಠ್ಯಕ್ರಮ ಬದಲಾದರೆ ಇಡೀ ಪುಸ್ತಕ ರದ್ದಿಯಾಗದು. ಅಧ್ಯಾಯಗಳನ್ನು ಬೇಕಾದಂತೆ ಮರುಜೋಡಿಸಿ, ತಿದ್ದಿಕೊಳ್ಳಬಹುದು. ಅತಿಥಿ ಉಪನ್ಯಾಸಕರು ಊರು ಬಿಟ್ಟು ಹೋದರೂ ಅವರ ಪಾಠ ಅವರ ಹೆಸರಿನೊಂದಿಗೆ ಅಲ್ಲೇ ಉಳಿಯುತ್ತದೆ.

ಇದರಿಂದ ಇನ್ನೊಂದು ಲಾಭವೂ ಉಂಟು. ಹೊರಗಿನಿಂದ ಬಂದ ಗೈಡಿನಲ್ಲಿ ಎಂದೂ ಇರದ ಉದಾಹರಣೆಗಳು ಈ ನೆಲದಲ್ಲಿ ಧಾರಾಳವಾಗಿವೆ. ಕೆಡುವ ಸರಕಿನ ಮಾರುಕಟ್ಟೆ ಬೆಲೆ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನು ಕಲಿಸಲು ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಗಿಂತ ಉತ್ತಮ ಪಾಠ ಯಾವುದಿದೆ? ಬೆಳಗಿನ ಮೊಗ್ಗಿನ ಬೆಲೆ ಸಂಜೆಯ ಹೂವಿಗಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಶಾಸನಗಳಿವೆ. ಪ್ರಾಣಿಶಾಸ್ತ್ರದವರಿಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮವಿದೆ. 2024ರಲ್ಲಿ ಅದಕ್ಕೆ ರಾಮ್ಸರ್ ಮಾನ್ಯತೆಯೂ ದೊರೆತಿದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ. ಜಾನಪದ ಓದುವವರಿಗೆ ಮೈಲಾರದ ಕಾರ್ಣಿಕವಿದೆ. ತುಂಗಭದ್ರೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಅಭಿವೃದ್ಧಿ ಅರ್ಥಶಾಸ್ತ್ರದ ತರಗತಿಯಲ್ಲೇ ಕುಳಿತಿದ್ದಾರೆ. ಇವೆಲ್ಲವನ್ನೂ ಬಿಟ್ಟು, ನಾವು ಮಕ್ಕಳಿಗೆ ಗೈಡಿನ ಕಾಲ್ಪನಿಕ ಸೇಬು-ಕಿತ್ತಳೆಗಳ ಉದಾಹರಣೆಯನ್ನೇ ಬಾಯಿಪಾಠ ಮಾಡಿಸುತ್ತಿದ್ದೇವೆ.

ಆಕ್ಷೇಪಗಳು ಇಲ್ಲದಿಲ್ಲ. ಉಚಿತವಾದುದರಲ್ಲಿ ಗುಣಮಟ್ಟವಿರದು ಎಂಬುದು ಮೊದಲನೆಯದು. ಈಗ ಹಣ ಕೊಟ್ಟು ಕೊಳ್ಳುವುದರ ಗುಣಮಟ್ಟವನ್ನು ಕೊಟ್ಟೂರಿನ ಆ ಕಟ್ಟಿನಲ್ಲಿ ನಾನೇ ಕಂಡಿದ್ದೇನೆ. ಬಹಿರಂಗವಾಗಿರುವ ಪಾಠದ ತಪ್ಪು ಹತ್ತು ಜನರ ಕಣ್ಣಿಗೆ ಬಿದ್ದು ತಿದ್ದುಪಡಿಯಾಗುತ್ತದೆ. ಬೀಗದೊಳಗಿನ ತಪ್ಪು ಹಾಗೇ ಉಳಿಯುತ್ತದೆ. ಟಿಪ್ಪಣಿ ಕೈಗೆ ಸಿಕ್ಕರೆ ವಿದ್ಯಾರ್ಥಿಗಳು ತರಗತಿಗೆ ಬರುವುದಿಲ್ಲ ಎಂಬುದು ಎರಡನೆಯದು. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬರೆಸುವುದಷ್ಟೇ ಪಾಠವಾಗಿದ್ದಲ್ಲಿ ಮಾತ್ರ ಆ ಭಯ. ಬರೆಸುವ ಹೊತ್ತು ಉಳಿದರೆ ಚರ್ಚೆಗೆ, ಲೆಕ್ಕಕ್ಕೆ, ಪ್ರಶ್ನೆಗೆ ಅವಕಾಶವಾಗುತ್ತದೆ.

ಮೂರನೆಯ ಆಕ್ಷೇಪ ಗಂಭೀರವಾದುದು: ಬರೆದವರಿಗೆ ಏನು ಸಿಗುತ್ತದೆ? ಖಾಯಂ ಅಧ್ಯಾಪಕರಿಗೆ ಬಡ್ತಿಯ ಅಂಕಗಳಲ್ಲಿ ಈ ಕೆಲಸಕ್ಕೆ ಸ್ಥಾನವಿರಬೇಕು. ಅತಿಥಿ ಉಪನ್ಯಾಸಕರಿಗೆ ಅಧ್ಯಾಯಕ್ಕೆ ಇಷ್ಟು ಎಂದು ಸಂಭಾವನೆ ಕೊಡಲೇಬೇಕು. ಗಂಟೆ ಲೆಕ್ಕದಲ್ಲಿ ದುಡಿಯುವವರಿಂದ ದಾನ ನಿರೀಕ್ಷಿಸುವುದು ಅನ್ಯಾಯ. ಸ್ವಂತ ಪುಸ್ತಕ ಬರೆದು ಜೀವಿಸುವ ಲೇಖಕರ ಹಕ್ಕನ್ನು ಕಸಿಯಬೇಕೆಂದೂ ನಾನು ಹೇಳುತ್ತಿಲ್ಲ. ಸಾರ್ವಜನಿಕ ಹಣದಿಂದ ಸಿದ್ಧವಾದ ಪಾಠಕ್ಕೆ ಮಾತ್ರ ಈ ಮಾತು ಅನ್ವಯ.

ನೆಟ್‌ವರ್ಕ್ ಸಿಗದ ಹಳ್ಳಿಗಳ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಮತ್ತೆ ಜೆರಾಕ್ಸ್ ಅಂಗಡಿಯಲ್ಲೇ ಇದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ವಿರುದ್ಧ ಪ್ರಸಿದ್ಧ ವಿದೇಶಿ ಪ್ರಕಾಶಕರು 2012ರಲ್ಲಿ ಹೂಡಿದ್ದ ಮೊಕದ್ದಮೆ ಅನೇಕರಿಗೆ ನೆನಪಿರಬಹುದು. ಬೋಧನೆಯ ಉದ್ದೇಶಕ್ಕಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ವಿನಾಯಿತಿ ಇದೆಯೆಂದು ದೆಹಲಿ ಹೈಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಮರುವರ್ಷ ಪ್ರಕಾಶಕರು ದಾವೆ ಹಿಂಪಡೆದರು. ಮುಕ್ತ ಪರವಾನಗಿಯ ಪಾಠಕ್ಕಾದರೆ ಈ ವ್ಯಾಜ್ಯದ ಸೋಂಕೇ ಇಲ್ಲ. ವಿಶ್ವವಿದ್ಯಾಲಯದ ಶುದ್ಧ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಪಡೆದು, ಕೊಟ್ಟೂರಿನ ಅಂಗಡಿಯಾತ ಸಹ ನ್ಯಾಯಬದ್ಧವಾಗಿ, ಕಾಗದದ ಬೆಲೆಗೆ, ಸ್ಪಷ್ಟವಾದ ಅಕ್ಷರದಲ್ಲಿ ಅಚ್ಚು ಹಾಕಿ ಕೊಡಬಹುದು. ಆತನ ಹೊಟ್ಟೆಪಾಡಿಗೂ ಧಕ್ಕೆಯಿಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ನಿಗಮ ಬೇಕಿಲ್ಲ. ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತಿನ ಒಂದು ನಿರ್ಣಯ, ಒಂದು ಸಾಧಾರಣ ಅನುದಾನ ಮತ್ತು ಐದು ಊರುಗಳ ಕೆಲವು ಮನಸ್ಸುಳ್ಳ ಅಧ್ಯಾಪಕರು ಸಾಕು. ಲಾಭವನ್ನು ಅಳೆಯುವುದು ಹೇಗೆಂದು ಹಣಕಾಸು ಇಲಾಖೆಯ ನನ್ನ ಹಳೆಯ ಸಹೋದ್ಯೋಗಿಗಳು ಕೇಳಬಹುದು. ಮುಂದಿನ ನವೆಂಬರಿನಲ್ಲಿ ನಾನು ಕೊಟ್ಟೂರಿನ ಆ ಅಂಗಡಿಗೆ ಮತ್ತೆ ಹೋಗುವವನಿದ್ದೇನೆ. ಒಂದೇ ರೇಖೆಗೆ ಒಂದೇ ಹೆಸರಿರುವ, ಚಿತ್ರ ಕಾಣುವ ಟಿಪ್ಪಣಿಯೊಂದು ಅಲ್ಲಿನ ಹುಡುಗಿಯ ಕೈಯಲ್ಲಿದ್ದರೆ ಅದೇ ಮೊದಲ ಅಳತೆ. ವಹಿಯಲ್ಲಿ ಯಾರೂ ಈ ಬಾರಿ ಕೊರತೆಯ ಷರಾ ಬರೆಯಬೇಕಾಗಿಲ್ಲ.